ಬೀಳದ ಕ್ರೇನು

"ಬೀಳುತ್ತೆ ಬೀಳುತ್ತೆ ಅಂತ ಕ್ರೇನಿಗೆ ಶಾಪ ಹಾಕ್ತಿದ್ದ. ಈಗ ನೋಡ್ರಪ್ಪಾ, ಕ್ರೇನು ನಿಂತೈತೆ, ಬಿದ್ದೋನು ಇವನು!"

ಅಪ್ಪನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ನೆವಿಯೊನ ಕಿವಿಗೆ ತಾಗಲೆಂದೇ ಯಾರ್ಡಿನ ಹಳೆಯ ಕೆಲಸಗಾರ ಊಚೊ ಹೇಳಿದ. ಶಿಪ್‌ಯಾರ್ಡಿನ ಮುದುಕರು ಟೋಪಿ ಮರೆಯಲ್ಲಿ ಕಿಸಕ್ಕೆಂದರು.

"ಬಾಯಿ ಹೊಲ್ಕೋ ಮಗಾ, ಮಣ್ಣು ಮುಗೀಲಿ," ತಾಯಿ ಅಲ್ಬೀನಾ ನೆವಿಯೊಗೆ ಪಿಸುಗುಟ್ಟಿದಳು.

ಸತ್ತ ಅಪ್ಪ ಲಿವಿಯೊ ಯಾರ್ಡಿನ ಬೆಸುಗೆ ತಪಾಸಣೆಗಾರ. ದೊಡ್ಡ ಕ್ರೇನಿನ ಕಾಲಿನ ಬೆಸುಗೆ ದಣಿದಿದೆ, ಚಳಿಗಾಲ ದಾಟದು ಎಂದು ಲೆಕ್ಕ ಹಾಕಿ ಏಳು ವರ್ಷದ ಹಿಂದೆ ಕ್ರೇನಿನ ಕೆಲಸ ನಿಲ್ಲಿಸಿ ರಿಪೇರಿ ಮಾಡಿಸಿದ್ದ. ಹಡಗಿನ ಗಡುವು ತಪ್ಪಿತು, ಗಿರಾಕಿ ಬೇರೆ ಯಾರ್ಡಿಗೆ ಹೋದ, ಅರ್ಧ ಊರು ಮನೆಯಲ್ಲಿ ಕೂತಿತು.

*

"ಎಲ್ಲಿದೆಯಪ್ಪಾ ಬಿರುಕು? ತೋರಿಸು!"

ಆ ರಿಪೇರಿಯ ದಿನ, ಆಗಷ್ಟೇ ಶಾಲೆ ಬಿಟ್ಟು ಬೆಸುಗೆಗೆ ಸೇರಿದ್ದ ನೆವಿಯೊ ಕ್ರೇನಿನ ಕಾಲಿನ ಹಳೆಯ ಬೆಸುಗೆಗೆ ಬಿರುಕು ಹಿಡಿಯುವ ಕೆಂಪು ಬಣ್ಣ ಬಳಿದು, ಒರೆಸಿ, ಬಿಳಿ ಪುಡಿ ಎರಚಿದ್ದ. ಬಿರುಕಿದ್ದರೆ ಪುಡಿಯ ಮೇಲೆ ಕಾಣಬೇಕಿದ್ದ ಕೆಂಪು ಕೂದಲೆಳೆಯಷ್ಟೂ ಮೂಡಲಿಲ್ಲ.

"ಮೂಡೋಕೆ ಮೊದಲೇ ಕೆತ್ತಬೇಕು ಕಣೋ. ತಂತೀನ ಹಿಂದೆ ಮುಂದೆ ಬಗ್ಗಿಸ್ತಾ ಇರು. ಮುರಿಯೋ ಗಳಿಗೆವರೆಗೂ ಗಟ್ಟಿಯಾಗೇ ಕಾಣುತ್ತೆ."

"ಹಾಗಾದ್ರೆ ಜನಕ್ಕೆ ಏನು ತೋರಿಸ್ಲಿ?"

"ಏನೂ ಇಲ್ಲ. ಹೊಸದಾಗಿ ತುಂಬು. ಅಂಚು ನಯವಾಗಿ ಉಜ್ಜು, ದಣಿವು ಹುಟ್ಟೋದೇ ಅಲ್ಲಿ."

ನೆವಿಯೊ ಬೈದುಕೊಂಡೇ ಕೆತ್ತಿದ, ಬೈದುಕೊಂಡೇ ತುಂಬಿದ, ಬೈದುಕೊಂಡೇ ಉಜ್ಜಿದ.

*

ಮಣ್ಣು ಮುಗಿಸಿ ಎಲ್ಲರೂ ಸ್ಮಶಾನದ ಪಕ್ಕದ ಹೆಂಡದಂಗಡಿಗೆ ಬಂದರು. ಎರಡನೇ ಲೋಟಕ್ಕೇ ಊಚೊ ಶುರುಮಾಡಿದ.

"ಲೋ ನೆವಿಯೊ, ನಿಮ್ಮಪ್ಪನ ಬಿರುಕು ಸಿಕ್ತೇನೋ? ಇಲ್ಲಾ ಪೆಟ್ಟಿಗೇಲೇ ಇಟ್ಟು ಕಳಿಸ್ದ್ಯಾ?"

ಅಂಗಡಿಯೆಲ್ಲ ನಕ್ಕಿತು. ಅಪ್ಪ ಸರಿ ಅಂತ ಒಬ್ಬ, ಒಬ್ಬನೇ ಒಬ್ಬ ಇವತ್ತು ಹೇಳಿದ್ದರೆ ಸಾಕಿತ್ತು ನೆವಿಯೊಗೆ. ಇವರ ಬಾಯಿ ಮುಚ್ಚಿಸಲು ಇರುವುದು ಒಂದೇ ದಾರಿ. ಮುರೀಲಿ, ಅಂದುಕೊಂಡ. ಈಗಲೇ ಮುರಿದು ಬೀಳಲಿ ಆ ಕಾಲು!

ಬಾಗಿಲು ದೂಡಿಕೊಂಡು ಊಚೊನ ಮಗಳು ಓಂದೀನಾ ಬಂದಳು. ಅದೇ ಕ್ರೇನಿನ ಚಾಲಕಿ. ಕೆಲಸದ ಬಟ್ಟೆಯನ್ನೂ ಬದಲಿಸಿರಲಿಲ್ಲ.

"ತಡ ಆಯ್ತು ನೆವಿಯೊ, ಬೈಬೇಡ. ಮೇಲೆ ಏನು ಗಾಳಿ ಅಂತೀಯಾ! ಕಡೇ ಉಕ್ಕಿನ ಹಲಗೆ ಇಳಿಸೋ ಹೊತ್ತಿಗೆ ನಾನು ಕೂತಿದ್ದ ಗೂಡೆಲ್ಲ ತೊಟ್ಟಿಲು ತೂಗಿದಂಗೆ ತೂಗ್ತು."

ಅವಳು ಕೈ ಚಾಚಿದಳು. ಮಂಜುಗಡ್ಡೆಯಂಥ ಕೈ. ಮುರೀಲಿ ಅಂದುಕೊಂಡ ಕಾಲಿನ ಮೇಲೆ ಕೂತಿದ್ದವಳು ಇವಳೇ ಅಲ್ಲವೇ ಅಂದುಕೊಳ್ಳುತ್ತ ನೆವಿಯೊ ಆ ಕೈಯನ್ನು ಬಿಗಿಯಾಗಿ ಹಿಡಿದ.

"ಯಾಕೋ, ಬಾಯಿಗೇ ಬೆಸುಗೆ ಹಾಕ್ಕೊಂಡ್ಯಾ?" ಊಚೊ ಮೇಜು ಕುಟ್ಟಿದ.

"ಅಪ್ಪಾ, ಸುಮ್ನಿರು."

ನೆವಿಯೊ ತನ್ನ ಮುಟ್ಟದ ಲೋಟವನ್ನು ಓಂದೀನಾಳ ಕೈಗಿಟ್ಟ. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು, ಗುಟುಕರಿಸಿ, ಚಳಿಗೆ ಭುಜ ಕೊಡವಿದಳು. ಅವನು ಬಾಗಿಲು ತೆರೆದು ಗಾಳಿಗೆ ನಡೆದ.