ಗಿರಣಿಯ ಬಳಿ ಅಜ್ಜ ಸಾಯುವ ಸಿನಿಮಾ

ನಮ್ಮ ಹಿಂದಿನ ದೇಶ ಒಡೆದು ಚೂರಾದರೂ ಅದರ ಗಣರಾಜ್ಯ ದಿನವನ್ನು ನಮ್ಮ ಮನೆಯವರು ಬಿಟ್ಟಿಲ್ಲ. ಬೆಳಿಗ್ಗೆ ಹಂದಿ ಕಡಿಯುತ್ತೇವೆ, ಮಧ್ಯಾಹ್ನ ಆ ಹಳೇ ಯುದ್ಧದ ಸಿನಿಮಾದ ಕ್ಯಾಸೆಟ್ ಹಾಕುತ್ತೇವೆ. ಅದನ್ನು ತೆಗೆದದ್ದು ನಮ್ಮೂರಲ್ಲೇ. ಗಿರಣಿಯ ಬಳಿ ಜರ್ಮನ್ನರ ಗುಂಡು ತಗುಲಿ ಬೀಳುವ ಪಾರ್ಟಿಸಾನ್ ಹೋರಾಟಗಾರನ ಪಾತ್ರದಲ್ಲಿರುವವನು ನಮ್ಮ ಅಜ್ಜ ರಾತೊಮಿರ್. ಸಿನಿಮಾ ತೆಗೆದ ಅದೇ ಚಳಿಗಾಲದಲ್ಲಿ, ಕಾಡಿನಲ್ಲಿ ದಿಮ್ಮಿ ಉರುಳಿ ಅವನು ನಿಜವಾಗಿಯೂ ಸತ್ತ. ತೆರೆಯ ಮೇಲೆ ಅವನು ಬಿದ್ದ ಕೂಡಲೇ ಎಲ್ಲರೂ ಎದ್ದು ನಿಂತು ಪ್ಲಮ್ ಸಾರಾಯಿ ಕುಡಿಯುತ್ತೇವೆ. ಆಮೇಲೆ ಸ್ತಾಮೆನಾ ಅಜ್ಜಿ ನಮ್ಮನ್ನೆಲ್ಲ ಊಟಕ್ಕೆ ಅಟ್ಟಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಉಳಿದರ್ಧ ಸಿನಿಮಾವನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ಈ ಸಲ ನಾನು ತುಂಬು ಬಸುರಿ. ಗಂಡಾದರೆ ಅಜ್ಜನ ಹೆಸರಿಡುವ ಆಸೆ. ಪಕ್ಕದ ಮನೆಯ ಮುದುಕಿ ಕೊಸಾರಾ ಹಂದಿಯ ಕರುಳು ತೊಳೆಯುತ್ತಾ ಆ ಆಸೆಗೆ ಕಲ್ಲು ಹಾಕಿದಳು.

"ಇಡಮ್ಮ, ಇಡು! ಜರ್ಮನ್ ಕೋಟು ಹಾಕ್ಕೊಂಡು ಮೆರೆದೋನ ಹೆಸರು!"

"ಏನಂದ್ರಿ?"

"ನಾನೇ ಕಣ್ಣಾರೆ ನೋಡಿದ್ದೀನಿ. ನಿಮ್ಮಜ್ಜಿ ಯಾಕೆ ಚಿಲಕ ಹಾಕ್ಕೋತಾಳೆ, ಹೋಗಿ ಕೇಳು."

ತಲೆಗೆ ಹುಳ ಬಿಟ್ಟು ಮುದುಕಿ ಹಾಯಾಗಿ ಕರುಳು ತಿರುವಿದಳು. ನಮ್ಮೂರಲ್ಲಿ ಯುದ್ಧದ ಕಾಲಕ್ಕೆ ಜರ್ಮನ್ನರ ಜೊತೆ ಸೇರಿ ಆ ಕೋಟು ತೊಟ್ಟವರ ಮೊಮ್ಮಕ್ಕಳನ್ನೂ ಜನ ಇವತ್ತಿಗೂ ಮಾತಾಡಿಸುವುದಿಲ್ಲ. ನಿಜವಾದ ಯುದ್ಧದಲ್ಲಿ ಅಜ್ಜ ಯಾರ ಕಡೆಯಿದ್ದ? ಅಜ್ಜಿ ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವಳ ಆ ಚಿಲಕ ನನ್ನ ಮೈಯೆಲ್ಲ ಉರಿಸಿತು.

ಮಧ್ಯಾಹ್ನ ತೆರೆಯ ಮೇಲೆ ಅಜ್ಜ ಬಿದ್ದ. ಎಲ್ಲರೂ ಕುಡಿದು ಹೊರಟರು. ನಾನು ಅಲ್ಲಾಡಲಿಲ್ಲ.

"ಏಳೇ ಯಾಗೊದಾ, ಸಾರು ಆರಿಹೋಗತ್ತೆ."

"ಸೊಂಟ ನೋವು ಅಜ್ಜಿ. ಏಳಕ್ಕಾಗಲ್ಲ."

ಅಜ್ಜಿ ಕಳ್ಳಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ಚಿಲಕ ಹಾಕಿ ಬಂದು ಕುಳಿತಳು.

ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ಜರ್ಮನ್ ಸೈನಿಕರು ಗುಡ್ಡ ಇಳಿದು ಬಂದರು. ಅವರ ನಡುವೆ, ಉಕ್ಕಿನ ಟೋಪಿಯಡಿ ನಗು ತಡೆಯಲಾಗದೆ ಬರುತ್ತಿದ್ದವನು ನಮ್ಮ ಅಜ್ಜ!

"ಹಾಗಾದ್ರೆ ಕೊಸಾರಾ ಹೇಳಿದ್ದು ನಿಜ!"

"ಅವಳ ಬಾಯಿಗೆ ಮಣ್ಣು ಹಾಕ! ಅವಳು ನೋಡಿದ್ದು ಈ ಸಿನಿಮಾ ವೇಷಾನೇ. ಯುದ್ಧದಲ್ಲಿ ನಿಮ್ಮಜ್ಜ ಪಾರ್ಟಿಸಾನೇ. ಸಿನಿಮಾದೋರಿಗೆ ಜನ ಸಾಲ್ಲಿಲ್ಲ ಕಣೇ. ಬೆಳಿಗ್ಗೆ ಸತ್ತೋರಿಗೇ ಮಧ್ಯಾಹ್ನ ಜರ್ಮನ್ ಕೋಟು ತೊಡಿಸಿದ್ರು."

"ಮತ್ತೆ ಯಾಕೆ ಮುಚ್ಚಿಟ್ಟೆ? ನಾಚಿಕೆನಾ?"

"ನಾಚಿಕೆ ಯಾಕೆ?" ಅಜ್ಜಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಅವನು ಸಾಯೋದನ್ನ ನಿಮಗೆಲ್ಲ ಬಿಟ್ಕೊಟ್ಟೆ. ಎದ್ದು ಬರೋದು ನಂಗೊಬ್ಬಳಿಗೇ ಇರ್ಲಿ ಅಂತ."

ನನಗೆ ಅಳು ಬಂತು. ಇಷ್ಟು ದಿನ ಅವಳ ಪಾಲಿಗಿದ್ದುದನ್ನು ನಾನು ಕದ್ದು ನೋಡಿಬಿಟ್ಟಿದ್ದೆ.

"ಮಗೂಗೆ ಅವನ ಹೆಸರಿಡ್ಲಾ ಅಜ್ಜಿ?"

ಅಜ್ಜಿ ತಲೆವಸ್ತ್ರ ಸರಿಮಾಡಿಕೊಂಡು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

"ಇಡು. ಇನ್ನೊಂದ್ಸಲ ಬರ್ಲಿ."