ಮಫೆಟ್ ಹಳ್ಳದಲ್ಲಿ ನಿಲ್ಲಿಸಿದ ಪಿಕಪ್

ನನ್ನ ಅಳಿಯ ಡೆವಿನ್ ಬಾಯ್ಸಿ ಪೇಟೆಯಲ್ಲಿ ಹಲ್ಲಿನ ಡಾಕ್ಟರು. ಬೇಟೆಗೆ ಅಂತ ಬಿಲ್ಲು ಹಿಡಿದು ಮೂರು ವರ್ಷ ಆಗಿಲ್ಲ, ಆಗಲೇ ಅವನ ಸಾಮಾನು ನೋಡಿದರೆ ಚಂದ್ರಲೋಕಕ್ಕೆ ಹೊರಟವನ ಹಾಗಿದೆ. ಮೈವಾಸನೆ ಅಡಗಿಸೋ ಸ್ಪ್ರೇ, ಗಾಳಿಯ ದಿಕ್ಕು ನೋಡೋಕೆ ಪುಡಿ ಊದೋ ಡಬ್ಬಿ, ಫೋನಿನಲ್ಲಿ ಬಣ್ಣಬಣ್ಣದ ನಕ್ಷೆ. ಜಿಂಕೆ ಸಿಕ್ಕರೆ ಹೊಡೆಯುತ್ತಾನೋ ಹಲ್ಲು ಉಜ್ಜುತ್ತಾನೋ ದೇವರಿಗೇ ಗೊತ್ತು ಅಂತ ಮಗಳು ಶೆಲ್ಬಿಯ ಎದುರಿಗೇ ಅಂದೆ. ಅವಳಿಗೆ ಸಿಟ್ಟು ಬಂತು. ಬರಲಿ.

ಇಡಾಹೋದ ಈ ಬೆಟ್ಟಗಳಲ್ಲಿ ಹೆಂಡತಿ ಬಿಟ್ಟುಹೋದದ್ದನ್ನು ಬೇಕಾದರೆ ಬಾಯಿಬಿಟ್ಟು ಹೇಳುತ್ತಾರೆ, ಜಿಂಕೆ ನೋಡಿದ ಜಾಗ ಮಾತ್ರ ಹೇಳಲ್ಲ. ನನಗೆ ಜಾಗ ತೋರಿಸಿದ್ದು ಅಪ್ಪ. ಗುಡ್ಡದಾಚೆ ಬೋಗುಣಿ ಆಕಾರದ ಕಣಿವೆ. ಬೋಗುಣಿ ಅಂತಲೇ ನಾವು ಕರೆಯೋದು. ಅಲ್ಲಿ ಅವನು ಹೊಡೆದ ಗಂಡು ಜಿಂಕೆಯ ಕೊಂಬು ನನ್ನ ಹಜಾರದ ಗೋಡೆ ಮೇಲಿದೆ. ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದು, "ಇದು ನಿಂದು ನೊರೀನ್" ಅಂದಿದ್ದ. ಅವನು ಹೋಗಿ ಹತ್ತೊಂಬತ್ತು ವರ್ಷ ಆಯಿತು, ಮೊಳೆ ಇನ್ನೂ ಖಾಲಿ. ಅಕ್ಟೋಬರಿನಲ್ಲಿ ನನ್ನ ಮಂಡಿಗೆ ಆಪರೇಷನ್, ಆಮೇಲೆ ಬೆಟ್ಟದ ಮಾತೇ ಎತ್ತಬೇಡಿ ಅಂದಿದ್ದಾರೆ ಡಾಕ್ಟರು. ಬೇಸಿಗೆಯಿಡೀ ಜಿಂಕೆ ನೋಡಿಟ್ಟುಕೊಂಡು ಆಗಸ್ಟ್ ಕೊನೆಗೆ ಬೇಟೆ ಶುರು; ಅಂದರೆ ನನಗೆ ಇದೇ ಕೊನೇ ಸೀಸನ್.

ಬೋಗುಣಿಗೆ ಹತ್ತಿರದ ದಾರಿ ಇಲ್ಲದೇ ಇಲ್ಲ. ಆದರೆ ಅಲ್ಲಿ ಪಿಕಪ್ ನಿಲ್ಲಿಸಿದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಅದಕ್ಕೇ ನಾನು ಮಫೆಟ್ ಹಳ್ಳದ ಹತ್ತಿರ ನಿಲ್ಲಿಸಿ, ನೂರು ಹೆಜ್ಜೆ ಹಳ್ಳದ ಕಡೆ ನಡೆದ ಹಾಗೆ ಮಾಡಿ, ಸರ್ರನೆ ತಿರುಗಿ ಗುಡ್ಡ ಹತ್ತುತ್ತೇನೆ. ಎರಡು ಗಂಟೆ ದಂಡ. ಹತ್ತೊಂಬತ್ತು ಬೇಸಿಗೆ ಹೀಗೇ ಹತ್ತಿದ್ದೇನೆ, ಮಂಡಿ ಸವೆಯದೆ ಇನ್ನೇನಾದೀತು? ಬೋಗುಣಿಯಲ್ಲಿ ಒಂದು ಬಂಡೆ ಇದೆ. ಅದರ ಮೇಲೆ ಕೂತು, ಸೂರ್ಯಕಾಂತಿ ಬೀಜ ಕಡಿಯುತ್ತ, ಕಣ್ಣಿಗೆ ದುರ್ಬೀನು ಹಚ್ಚಿ ಕಾಯೋದು. ನಾಲ್ಕು ವರ್ಷದಿಂದ ಅಲ್ಲಿ ಹೆಣ್ಣು, ಮರಿ ಬಿಟ್ಟರೆ ಬೇರೇನೂ ಕಂಡಿಲ್ಲ. ಅದನ್ನೂ ಯಾರಿಗೂ ಹೇಳಿಲ್ಲ.

ಈ ಜೂನಿನಲ್ಲಿ ಡೆವಿನ್ ನನ್ನ ಪಿಕಪ್ ನೋಡಿಬಿಟ್ಟ.

"ಅತ್ತೆ, ನೀವು ಹೋಗೋದು ಮಫೆಟ್ ಹಳ್ಳಕ್ಕಾ?"

ಸಿಕ್ಕಿಬಿದ್ದವಳ ಹಾಗೆ ಮುಖ ಮಾಡಿದೆ. "ಅಯ್ಯೋ, ಗೊತ್ತಾಗೋಯ್ತಾ? ಯಾರ ಹತ್ರಾನೂ ಬಾಯಿ ಬಿಡಬೇಡ ಮಾರಾಯ."

"ನಾನೂ ಹೋಗಿ ನೋಡ್ಲಾ? ನೀವು ಬೇಡ ಅಂದ್ರೆ ಬೇಡ."

"ಹೋಗಪ್ಪ ಹೋಗು. ಮನೆಯವನೇ ತಾನೇ ನೀನು."

ಹಳ್ಳದಲ್ಲಿ ಸೊಳ್ಳೆ ಬಿಟ್ಟರೆ ಏನಿದೆ ಮಣ್ಣು! ಹಾಗಂತ ನಾನೇ ತೀರ್ಮಾನ ಮಾಡಿದ್ದೆ, ಒಂದು ದಿನವೂ ನೂರು ಹೆಜ್ಜೆಯ ಆಚೆ ಕಾಲಿಡದೆ. ಬೇಸಿಗೆಯಿಡೀ ಆ ಬಡಪಾಯಿ ಪ್ರತಿ ಶನಿವಾರ ಪುಡಿ ಊದಿಕೊಂಡು ಅಲ್ಲಿಗೆ ಹೋದ. ನಾನು ಒಳಗೊಳಗೇ ನಕ್ಕಿದ್ದೇ ನಕ್ಕಿದ್ದು.

ಸೀಸನ್‌ಗೆ ಒಂದು ವಾರ ಇರುವಾಗ ಬಂದು, "ಅತ್ತೆ, ಬನ್ನಿ, ನಿಮಗೊಂದು ತೋರಿಸ್ಬೇಕು" ಅಂತ ಕರೆದುಕೊಂಡು ಹೋದ. ಹಳ್ಳದ ಗುಂಟ ಅರ್ಧ ಗಂಟೆ, ಸಮತಟ್ಟು ದಾರಿ. ನನ್ನ ಮಂಡಿ ಒಂದು ಸಲವೂ ಚುಳ್ ಅನ್ನಲಿಲ್ಲ. ತನ್ನ ಮೆತ್ತನೆಯ ದಿಂಬಿನ ಮೇಲೆ ನನ್ನನ್ನು ಕೂರಿಸಿ, ದುರ್ಬೀನನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, "ಆ ಮರಗಳ ನೆರಳಲ್ಲಿ ನೋಡಿ" ಅಂದ.

ನೋಡಿದೆ. ಗಂಡು ಮಲಗಿತ್ತು. ಕೊಂಬಿನ ಮೇಲೆ ಇನ್ನೂ ಮಖಮಲ್ಲಿನಂಥ ಚರ್ಮ, ಅಗಲ ಅಪ್ಪ ಹೊಡೆದದ್ದಕ್ಕಿಂತ ಒಂದು ಗೇಣು ಹೆಚ್ಚು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು, ಸುಳ್ಳು ಯಾಕೆ ಹೇಳಲಿ? ಹತ್ತೊಂಬತ್ತು ವರ್ಷ ಇದರ ಬಾಗಿಲಲ್ಲೇ ಪಿಕಪ್ ನಿಲ್ಲಿಸಿ, ಇದಕ್ಕೆ ಬೆನ್ನು ಹಾಕಿ ಹತ್ತಿದ್ದೆ.

"ಇಂಥ ಜಾಗ ನನಗೆ ಬಿಟ್ಟುಕೊಟ್ರಲ್ಲ ಅತ್ತೆ," ಅಂದ. ಆ ಪೆದ್ದನ ಕಣ್ಣಲ್ಲಿ ನೀರು. "ಶೆಲ್ಬಿ ಆ ಮೊಳೆ ವಿಷಯ ಹೇಳಿದಾಳೆ. ಮೊದಲ ಬಾಣ ನಿಮ್ದೇ. ನಾನು ಹಿಂದೆ ಕೂತು ಗಾಳಿ ನೋಡ್ತೀನಿ."

ಮಾತು ತಪ್ಪಿಸೋಕೆ ಜೇಬಿನಿಂದ ನಾಲ್ಕು ಬೀಜ ತೆಗೆದು ಬಾಯಿಗೆ ಹಾಕಿಕೊಂಡು, "ಬೇರೆ ಕಡೆ ಎಲ್ಲೂ ನೋಡ್ಲಿಲ್ವಾ?" ಅಂದೆ.

ಅವನು ಆಗಲೇ ದುರ್ಬೀನಿಗೆ ಬಗ್ಗಿದ್ದ. "ಗುಡ್ಡದಾಚೆ ಒಂದು ಕಣಿವೆ ಇದೆಯಲ್ಲ, ಬೋಗುಣಿ ಥರ? ಜುಲೈನಲ್ಲಿ ಹೋಗಿದ್ದೆ. ದಂಡ ಅತ್ತೆ, ಒಂದು ಗಂಡೂ ಇಲ್ಲ. ಅಲ್ಲೊಂದು ಬಂಡೆ, ಬುಡದಲ್ಲಿ ಸೂರ್ಯಕಾಂತಿ ಸಿಪ್ಪೆ, ಇಷ್ಟೆತ್ತರ ಗುಡ್ಡೆ!" ನಗು ತಡೆಯೋಕೆ ಅವನು ಬಾಯಿ ಮುಚ್ಚಿಕೊಂಡ. "ಯಾವನೋ ಪುಣ್ಯಾತ್ಮ ವರ್ಷಗಟ್ಟಲೆ ಖಾಲಿ ಕಣಿವೆ ಕಾಯ್ಕೊಂಡು ಕೂತಿದಾನೆ. ಯಾರಾದ್ರೂ ಅವನಿಗೆ ಹೇಳಬಾರದಾ, ಪಾಪ?"

ಸಿಪ್ಪೆ ಉಗಿಯೋಕೆ ಧೈರ್ಯ ಬರಲಿಲ್ಲ. ನುಂಗಿದೆ.

ವಾಪಸು ಬರುವಾಗ ಅವನೇ ಕೇಳಿದ, "ಶನಿವಾರ ಪಿಕಪ್ ಇಲ್ಲೇ ನಿಲ್ಸೋಣ ಅಲ್ವಾ?"

"ಇಲ್ಲೇನಾ? ತಲೆ ಕೆಟ್ಟಿದ್ಯಾ? ಯಾರಾದ್ರೂ ನೋಡಿದ್ರೆ? ಆ ಬೋಗುಣಿ ದಾರೀಲಿ ನಿಲ್ಸು. ಗುಡ್ಡ ದಾಟಿ ಈ ಕಡೆ ಇಳಿಯೋಣ."

"ಅಷ್ಟು ದೂರಾನಾ? ನಿಮ್ಮ ಮಂಡಿ, ಅತ್ತೆ?"

"ಮಂಡಿ ಹಾಳಾಗ್ಲಿ. ಹೇಗೂ ಅಕ್ಟೋಬರಿನಲ್ಲಿ ಹೊಸದು ಹಾಕ್ತಾರೆ," ಅಂದೆ.