ಎರಡು ಯಂತ್ರ, ಒಂದೇ ವಿಳಾಸ

ಅಣ್ಣತಮ್ಮಂದಿರು ಆಫೀಸಿನ ನಡುವೆ ಹಲಗೆಯ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದರು. ನೆಟ್‌ವರ್ಕ್ ಮಾತ್ರ ಒಂದೇ ಉಳಿದಿತ್ತು. ಅಣ್ಣನ ಕಾಪಿಯರ್‌ನಿಂದ ಸ್ಕ್ಯಾನ್ ಮಾಡಿದ ಕಾಗದದ ಈಮೇಲ್ ಹೊರಟರೆ ತಮ್ಮನದು ನಿಲ್ಲುತ್ತಿತ್ತು, ತಮ್ಮನದು ಹೊರಟರೆ ಅಣ್ಣನದು. ಎರಡನ್ನೂ ಕೂರಿಸಿಕೊಟ್ಟಿದ್ದ ಮೆಕ್ಯಾನಿಕ್ ಮತ್ತೆ ಬರುವ ಹೊತ್ತಿಗೆ ತಮ್ಮನ ತುಟಿ ಹರಿದಿತ್ತು, ಅಣ್ಣನ ಅಂಗಿಗೆ ಒಂದು ತೋಳಿರಲಿಲ್ಲ.

“ವೈರ್ ಕಿತ್ತಿದ್ದು ನೀನೇ ಕಣೋ.”

“ಹೌದಣ್ಣ, ಹಲ್ಲೂ ನಾನೇ ಕೀಳ್ತೀನಿ, ಬಾಯಿ ತೆಗಿ.”

ಮೆಕ್ಯಾನಿಕ್ ಎರಡೂ ಯಂತ್ರಗಳ ಸೆಟ್ಟಿಂಗ್ ತೆರೆದು ನೋಡಿದ. ಎರಡಕ್ಕೂ ಐವತ್ತರಲ್ಲಿ ಮುಗಿಯುವ ಒಂದೇ ನೆಟ್‌ವರ್ಕ್ ವಿಳಾಸ. ನೆನಪಿಡಲು ಸುಲಭವೆಂದು ಹೋದಲ್ಲೆಲ್ಲ ಅದನ್ನೇ ಕೊಡುವುದು ಅವನ ರೂಢಿ. ಹಲಗೆಯ ಆಚೆಗಿರುವುದು ಬೇರೆ ನೆಟ್‌ವರ್ಕ್ ಎಂದೇ ತಿಳಿದಿದ್ದ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಯಂತ್ರಕ್ಕೆ ಒಂದೇ ವಿಳಾಸವಿದ್ದರೆ ಒಂದು ನಡೆದಾಗ ಇನ್ನೊಂದು ನಿಲ್ಲುತ್ತದೆ. ಒಂದನ್ನು ಐವತ್ತೊಂದು ಮಾಡಿ ಸದ್ದಿಲ್ಲದೆ ಜಾಗ ಖಾಲಿ ಮಾಡಬಹುದಿತ್ತು. ಐವತ್ತೊಂದು ಒತ್ತಿಯೇ ಬಿಟ್ಟ.

ಅಷ್ಟರಲ್ಲಿ ಅಣ್ಣ ತಮ್ಮನ ಕೈಯನ್ನು ಕಾಗದ ಕತ್ತರಿಸುವ ಅಲಗಿನ ಕೆಳಗೆ ಅದುಮಿದ.

“ಕೈ ಬಿಡಿ ಸಾರ್,” ಎಂದ ಮೆಕ್ಯಾನಿಕ್. “ಇಬ್ಬರಿಗೂ ಒಂದೇ ನಂಬರ್ ಕೊಟ್ಟ ತಪ್ಪು ನಂದು.”

ಅಲಗು ಮೇಲೆದ್ದಿತು. ತಮ್ಮ ತನ್ನ ಬೆರಳುಗಳನ್ನು ಎಣಿಸಿಕೊಂಡು ಅಣ್ಣನ ಮುಖ ನೋಡಿದ. ಅಣ್ಣ ಮೆಕ್ಯಾನಿಕ್‌ನ ಕಾಲರ್ ಹಿಡಿದು, ತಮ್ಮನಿಗೆ ಎಷ್ಟೋ ಕಾಲದ ಮೇಲೆ ಮೆಲ್ಲಗೆ, “ಬಾಗಿಲು ಹಾಕಪ್ಪಾ,” ಎಂದ. ತಮ್ಮ ಎದುರಾಡದೆ ಹಾಕಿದ.